ನೈಟ್ ಡ್ಯೂಟಿ ಮುಗಿಸಿ – 14: ‘ಬಂದಿದ್ದನ್ನ ಹಾಗೇ ಕಳಿಸ್ದೆ’ ಅನ್ನೋರಿಗೆ

ಇವತ್ತು ಇಂಗ್ಲೆಂಡಿನ ಚಳಿ, ಮಳೆ ಕಥೆ ಇಲ್ಲ. ಸ್ವಲ್ಪ ಜಗಳ ಆಡೋದಿದೆ. ನಮ್ಮೋರ ಹತ್ರ ಅಲ್ದೆ ಇನ್ಯಾರ ಹತ್ರ ಆಡ್ಲಿ?

ಮೊನ್ನೆ ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಅದೇ ಮೆಸೇಜ್. ಸ್ಟ್ರೋಕ್ ಆದ್ರೆ ಮೊದಲು ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಿಡಿ, ಆಮೇಲೆ ಆಸ್ಪತ್ರೆಗೆ ಹೋಗಿ ಅಂತ. ಕೆಳಗೆ ಹನ್ನೊಂದು ಕೈಮುಗಿಯೋ ಎಮೋಜಿ.

ಮೂರು ವರ್ಷದ ಹಿಂದೆ ದೊಡ್ಡಪ್ಪನಿಗೆ ಬೆಳಗ್ಗೆ ಕಾಫಿ ಕುಡೀತಾ ಬಾಯಿ ಸೊಟ್ಟಗಾದಾಗ ಮಾಡಿದ್ದು ಇದನ್ನೇ. ಸೂಜಿ ಚುಚ್ಚಿ, ಕಿವಿ ಉಜ್ಜಿ, ಸರಿಹೋಗುತ್ತೆ ಅಂತ ಕಾದು, ಆಸ್ಪತ್ರೆ ಸೇರಿದ್ದು ಮಧ್ಯಾಹ್ನದ ಮೇಲೆ. ಇವತ್ತು ಅವರು ಎಡಗೈಲಿ ಊಟ ಮಾಡ್ತಾರೆ.

ನಾನು ಕೆಲಸ ಮಾಡೋದು ಸ್ಟ್ರೋಕ್ ವಾರ್ಡಲ್ಲಿ. ಇಲ್ಲಿ ಎಲ್ಲರೂ ಮೊದಲು ಕೇಳೋದು ‘ಎಷ್ಟು ಗಂಟೆಗೆ ಶುರುವಾಯ್ತು?’ ಅಂತ. ರಕ್ತ ಹೆಪ್ಪುಗಟ್ಟಿ ಆದ ದೊಡ್ಡ ಸ್ಟ್ರೋಕಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತೆ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗ್ಬೇಕು. ಕೊಟ್ಟಿದ್ರೆ ದೊಡ್ಡಪ್ಪ ಪೂರ್ತಿ ಹುಷಾರಾಗ್ತಿದ್ರು ಅಂತ ನಾನು ಹೇಳಲ್ಲ. ಆದ್ರೆ ಕೊಡೋ ಅವಕಾಶಾನೇ ನಾವು ಉಳಿಸ್ಲಿಲ್ಲ.

‘ಒಳ್ಳೇದಕ್ಕೇ ಕಳಿಸಿದ್ದು ಕಣೇ’ ಅಂತೀರಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯ್ತು? ಮಕ್ಕಳಿಗೆ ಚಾಕೊಲೇಟ್ ಕೊಟ್ಟೋರನ್ನ ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಹಬ್ಬಿಸಿದ್ರು. ಹೈದರಾಬಾದಿನ ಒಬ್ಬ ಇಂಜಿನಿಯರನ್ನ ಜನ ಹೊಡೆದು ಕೊಂದ್ರು. ಅದನ್ನ ಕಳಿಸಿದೋರಲ್ಲೂ ಎಷ್ಟೋ ಜನ ‘ಮಕ್ಕಳ ಒಳ್ಳೇದಕ್ಕೆ’ ಅಂತಲೇ ಅಂದ್ಕೊಂಡಿರ್ತಾರೆ.

ಯಾರೋ ಕೈಗೆ ಕೊಟ್ರು ಅಂತ ನಾನು ಪೇಷೆಂಟಿಗೆ ಇಂಜೆಕ್ಷನ್ ಚುಚ್ಚಿ, ‘ಬಂದಿದ್ದನ್ನ ಹಾಗೇ ಕೊಟ್ಟೆ’ ಅಂದ್ರೆ ಒಪ್ತೀರಾ? ಹೆಸರು, ಔಷಧಿ, ಡೋಸ್ ಎಲ್ಲಾ ನೋಡಿ ಸಹಿ ಹಾಕ್ಬೇಕು. ತಪ್ಪಾದ್ರೆ ಜವಾಬ್ದಾರಿ ನಂದೇ.

ತುಂಬಾ ಸಲ ಫಾರ್ವರ್ಡ್ ಆಗಿದ್ದಕ್ಕೆ ವಾಟ್ಸಾಪ್ ಜೋಡಿ ಬಾಣದ ಗುರುತು ಹಾಕುತ್ತೆ. 2020ರಿಂದ ಅಂಥದ್ದನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸೋಕಾಗೋದು. ಕಂಪನಿ ಅಷ್ಟು ಮಾಡಿದೆ, ಒತ್ತೋ ಬೆರಳು ಮಾತ್ರ ನಮ್ದೇ.

ಇಷ್ಟು ನೆನಪಿಟ್ಕೊಳ್ಳಿ: ಮುಖ ಸೊಟ್ಟಗಾಯ್ತಾ, ಕೈ ಎತ್ತೋಕಾಗ್ತಿಲ್ವಾ, ಮಾತು ತೊದಲ್ತಾ? ಒಂದಿದ್ರೂ ಸಾಕು, ಟೈಮ್ ನೋಡ್ಕೊಂಡು 108ಕ್ಕೆ ಫೋನ್ ಮಾಡಿ. ಸೂಜಿ ಬಟ್ಟೆ ಹೊಲಿಯೋಕಿರ್ಲಿ.

ಗ್ರೂಪಲ್ಲಿರೋ ಆ ಮೆಸೇಜ್ ಕಳಿಸಿದೋರು ದಯವಿಟ್ಟು ಇವತ್ತೇ ಡಿಲೀಟ್ ಮಾಡಿ. ಹೆಸರು ನಾನು ಹೇಳಲ್ಲ, ಭಾನುವಾರ ಫೋನ್ ಮಾಡ್ತೀನಿ. ಮತ್ತೆ, ಈ ಪೋಸ್ಟನ್ನೂ ಪೂರ್ತಿ ಓದ್ದೆ ಶೇರ್ ಮಾಡ್ಬೇಡಿ!