ಪಾತಕಿಯ ಕಡತಕ್ಕೆ ವಿಮಾನ, ಅಮಾಯಕನ ಕಡತಕ್ಕೆ ಎತ್ತಿನಗಾಡಿ!



ನಾನಿರುವ ಬಹರೈನ್‌ನಿಂದ ಸೌದಿಗೆ ಹೋಗುವ ಕಿಂಗ್ ಫಹದ್ ಸೇತುವೆಯ ಉದ್ದ 25 ಕಿಲೋಮೀಟರ್. ನಡುವಿನ ಗಡಿ ಚೌಕಿಯಲ್ಲಿ ಪಾಸ್‌ಪೋರ್ಟ್ ಕೊಟ್ಟರೆ, ನಮ್ಮ ಮೇಲೆ ಕೇಸು ಇದೆಯೋ ಇಲ್ಲವೋ ಅನ್ನೋದನ್ನು ಅಲ್ಲಿನ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತೆ. ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ದಮ್ಮಾಮ್. ಅಲ್ಲಿ ಎಸಿ ರಿಪೇರಿ ಕೆಲಸಕ್ಕಿದ್ದ ಕುಂದಾಪುರ ಕಡೆಯ ಒಬ್ಬ ಕನ್ನಡಿಗನ ಕಥೆಯನ್ನು ನಾವೆಲ್ಲ ಇಷ್ಟು ಬೇಗ ಮರೆತುಬಿಟ್ಟೆವಾ?

2019ರ ಡಿಸೆಂಬರ್‌ನಲ್ಲಿ ಅವರ ಹೆಸರಿನ ಫೇಸ್‌ಬುಕ್ ಖಾತೆಯೊಂದರಲ್ಲಿ ಮೆಕ್ಕಾ ಬಗ್ಗೆ, ಸೌದಿ ಯುವರಾಜರ ಬಗ್ಗೆ ಕೆಟ್ಟ ಬರಹ ಕಾಣಿಸಿಕೊಂಡಿತು. ಸೌದಿ ಪೊಲೀಸರು ಅವರನ್ನು ಜೈಲಿಗೆ ಹಾಕಿದರು. ಅದು ನಕಲಿ ಖಾತೆ ಅಂತ ಅವರ ಹೆಂಡತಿ ಉಡುಪಿಯಲ್ಲಿ ದೂರು ಕೊಟ್ಟರು. 2020ರ ಅಕ್ಟೋಬರ್‌ನಲ್ಲಿ ಉಡುಪಿ ಪೊಲೀಸರು ಆ ಖಾತೆ ತೆರೆದ ಆರೋಪದ ಮೇಲೆ ಮೂಡಬಿದಿರೆಯ ಇಬ್ಬರು ಅಣ್ಣತಮ್ಮಂದಿರನ್ನು ಬಂಧಿಸಿದರು. ಈ ಕೆಲಸಕ್ಕೆ ನಮ್ಮ ಪೊಲೀಸರಿಗೆ ಶಹಬ್ಬಾಸ್ ಅನ್ನಲೇಬೇಕು. ಆದರೆ ಆ ಬಡಪಾಯಿ ಬೆಂಗಳೂರಿಗೆ ಬಂದಿಳಿದಿದ್ದು ಯಾವಾಗ ಗೊತ್ತೇ? 2021ರ ಆಗಸ್ಟ್ 18ಕ್ಕೆ! ಆರೋಪಿಗಳು ಸಿಕ್ಕಿಬಿದ್ದ ಮೇಲೂ ಹತ್ತು ತಿಂಗಳು ಬೇಕಾಯಿತು.

ಇದೊಂದೇ ಅಲ್ಲ. 2020ರಲ್ಲಿ ಇಂಥದ್ದೇ ನಕಲಿ ಖಾತೆಯ ಕಾರಣಕ್ಕೆ ಮಂಗಳೂರಿನ ಇನ್ನೊಬ್ಬರು ಸೌದಿಯಲ್ಲಿ ಜೈಲು ಸೇರಿದರು. ಅವರ ಹೆಂಡತಿ ನಮ್ಮ ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು. ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಅನ್ನೇ ಮುಚ್ಚಿಸುವ ಬಗ್ಗೆ ಯೋಚಿಸಬೇಕಾದೀತು ಅಂತ ನ್ಯಾಯಾಲಯ ಎಚ್ಚರಿಸಿದ್ದು 2023ರ ಜೂನ್‌ನಲ್ಲಿ. ಅಂದರೆ ಮೂರು ವರ್ಷ ಕಳೆದ ಮೇಲೆ.

ಈಗ ಇನ್ನೊಂದು ಕಡೆ ನೋಡಿ. ಬನ್ನಂಜೆ ರಾಜನನ್ನು 2015ರ ಫೆಬ್ರವರಿಯಲ್ಲಿ ಮೊರಾಕ್ಕೋದಲ್ಲಿ ಹಿಡಿದರು, ಆಗಸ್ಟಿಗೆ ಕರ್ನಾಟಕಕ್ಕೆ ತಂದರು. 2019ರಲ್ಲಿ ಸೆನೆಗಲ್‌ನಲ್ಲಿ ಸಿಕ್ಕ ರವಿ ಪೂಜಾರಿಯನ್ನು 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಕರೆತಂದರು. ತರಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಒಬ್ಬ ಪಾತಕಿಗಾಗಿ ಆಫ್ರಿಕಾದವರೆಗೂ ಮಾಹಿತಿ ಕಳಿಸುವ ಶಕ್ತಿ ನಮಗಿದೆ ಅನ್ನೋದು ಇದರಿಂದ ಗೊತ್ತಾಗುತ್ತೆ. ಹಾಗಾದರೆ "ನೀವು ಹಿಡಿದವನು ತಪ್ಪು ಮಾಡಿಲ್ಲ, ಇಗೋ ಪುರಾವೆ" ಅಂತ ದಮ್ಮಾಮಿಗೆ ತಿಳಿಸೋಕೆ ಏನು ಅಡ್ಡಿ?

ಅಡ್ಡಿ ಇರೋದು ವ್ಯವಸ್ಥೆಯ ಲೆಕ್ಕಾಚಾರದಲ್ಲಿ. 26/11ರ ಮುಂಬಯಿ ದಾಳಿಯ ನಂತರ, 2009ರಲ್ಲಿ, ಸುಮಾರು 2,000 ಕೋಟಿ ರೂಪಾಯಿಯ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ದೇಶದ ಪೊಲೀಸ್ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ಪೋಣಿಸೋದು ಅದರ ಗುರಿ. 2025ರ ಜನವರಿಯಲ್ಲಿ ಬಂದ ಭಾರತ್‌ಪೋಲ್ ಮೂಲಕ ರಾಜ್ಯದ ಪೊಲೀಸರು ಇಂಟರ್‌ಪೋಲ್ ನೆರವಿಗೆ ಸಿಬಿಐಗೆ ಆನ್‌ಲೈನ್‌ನಲ್ಲೇ ಕೋರಿಕೆ ಕಳಿಸಬಹುದು. ಎಲ್ಲ ಒಳ್ಳೆಯದೇ. ಆದರೆ ಇವೆಲ್ಲ ಮುಖ್ಯವಾಗಿ ಹಿಡಿಯೋದಕ್ಕೆ ಮಾಡಿದ ಬಲೆಗಳು. ತಲೆಮರೆಸಿಕೊಂಡವನಿಗೆ ಇಂಟರ್‌ಪೋಲ್‌ನಲ್ಲಿ ರೆಡ್ ನೋಟಿಸ್ ಇದೆ, ಕಾಣೆಯಾದವರಿಗೆ ಯೆಲ್ಲೋ ನೋಟಿಸ್ ಇದೆ. ನಿರಪರಾಧಿಗೆ ಯಾವ ಬಣ್ಣವೂ ಇಲ್ಲ!

ನಿರಪರಾಧಿಯ ಕಡತ ಠಾಣೆಯಿಂದ ಎಸ್ಪಿ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ, ದೆಹಲಿಗೆ, ರಾಯಭಾರ ಕಚೇರಿಗೆ ಅಂತ ಮೇಜಿನಿಂದ ಮೇಜಿಗೆ ಅಲೆಯಬೇಕು. ಸಾಲದ್ದಕ್ಕೆ ಭಾಷೆಯ ತೊಡಕು ಬೇರೆ. ನಮ್ಮ ಠಾಣೆಯ ಎಫ್‌ಐಆರ್ ಕನ್ನಡದಲ್ಲಿರುತ್ತೆ, ಇರಲೇಬೇಕು. ಕೊಲ್ಲಿಯ ಕೋರ್ಟುಗಳ ಭಾಷೆ ಅರಬ್ಬಿ. ಅರಬ್ಬಿ ಲಿಪಿಯಲ್ಲಿ 'ಪ' ಅಕ್ಷರವೇ ಇಲ್ಲ, ಅಲ್ಲಿ ಪುಟ್ಟಪ್ಪ ಬುಟ್ಟಬ್ಬ ಆಗಿಬಿಡ್ತಾನೆ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಅರಬ್ಬಿಗೆ ಹೋಗುವಷ್ಟರಲ್ಲಿ ಒಬ್ಬ ಮನುಷ್ಯ ಮೂವರಾಗಿರ್ತಾನೆ.

"ಸೌದಿ ಬೇರೆ ದೇಶ, ಅವರ ಕೋರ್ಟಿಗೆ ನಾವು ಹೇಳೋಕಾಗುತ್ತಾ?" ಅಂತ ಕೆಲವರು ಕೇಳ್ತಾರೆ. ತೀರ್ಪು ಏನಿರಬೇಕು ಅಂತ ಹೇಳೋಕಾಗಲ್ಲ, ನಿಜ. ಆದರೆ ತೀರ್ಪಿಗೆ ಮುಂಚೆ ಪುರಾವೆ ತಲುಪಿಸೋದು ನಮ್ಮ ಕೈಯಲ್ಲೇ ಇದೆಯಲ್ಲ ಸ್ವಾಮಿ? ಹಾಗಂತ ನಮ್ಮ ಜನರ ಮಾಹಿತಿಯನ್ನೆಲ್ಲ ಹೊರದೇಶದ ಪೊಲೀಸರಿಗೆ ತೆರೆದಿಡಿ ಅಂತ ನಾನು ಹೇಳ್ತಿಲ್ಲ. ತಪ್ಪು ಮಾಹಿತಿ ವೇಗವಾಗಿ ಹರಿದರೆ ಅನ್ಯಾಯವೂ ವೇಗವಾಗಿ ಆಗುತ್ತೆ. ಒಂದು ಕಡೆ ದಾಖಲೆ ತಿದ್ದಿದರೆ ಅದರ ಪ್ರತಿ ಇರುವ ಕಡೆಯೆಲ್ಲ ತಿದ್ದಬೇಕು ಅನ್ನೋದು ಡೇಟಾಬೇಸ್ ಕೆಲಸದ ಮೊದಲ ಪಾಠ. ನಮ್ಮ ಪೊಲೀಸ್ ಜಾಲ ಕಲಿಯಬೇಕಾಗಿರೋದು ಅದನ್ನೇ.

ಪಕ್ಕದ ಕೇರಳ 1996ರಲ್ಲೇ ಅನಿವಾಸಿ ಮಲಯಾಳಿಗಳಿಗಾಗಿ ನೋರ್ಕಾ ಇಲಾಖೆ ಕಟ್ಟಿತು. ಹೊರದೇಶದಲ್ಲಿ ಸಿಕ್ಕಿಬಿದ್ದವರಿಗೆ ಕಾನೂನು ನೆರವಿನ ಯೋಜನೆಯೂ ಅಲ್ಲಿದೆ. ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ, ಅದಕ್ಕೆ ಹಲ್ಲು ಬರಬೇಕು ಅಷ್ಟೆ.

ಕರ್ನಾಟಕ ಸರ್ಕಾರ ಮಾಡಬೇಕಾದ್ದು ಇಷ್ಟು:

1. ಹೊರದೇಶದಲ್ಲಿ ಬಂಧನದಲ್ಲಿರುವ ಕನ್ನಡಿಗರ ಪ್ರಕರಣಗಳಿಗೆಂದೇ ರಾಜ್ಯ ಪೊಲೀಸ್ ಕೇಂದ್ರ ಕಚೇರಿಯಲ್ಲಿ ಒಂದು ಘಟಕ.

2. ಕನ್ನಡದಿಂದ ನೇರವಾಗಿ ಅರಬ್ಬಿಗೆ ಅನುವಾದಿಸಿ ದೃಢೀಕರಿಸುವ ಏರ್ಪಾಡು. ಹೆಸರಿನ ಜೊತೆ ಪಾಸ್‌ಪೋರ್ಟ್ ಸಂಖ್ಯೆ ಕಡ್ಡಾಯ.

3. ಬಂಧಿತನ ಪರ ಪುರಾವೆ ಸಿಕ್ಕರೆ ಇಂತಿಷ್ಟು ದಿನದಲ್ಲಿ ದೆಹಲಿಗೂ ರಾಯಭಾರ ಕಚೇರಿಗೂ ಒಟ್ಟಿಗೆ ತಲುಪಬೇಕೆಂಬ ಗಡುವು. ಕಡತ ಯಾರ ಮೇಜಿನಲ್ಲಿದೆ ಅಂತ ಮನೆಯವರಿಗೆ ಕಾಣಬೇಕು.

ಕೊರಿಯರ್ ಡಬ್ಬ ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡುವ ಕಾಲ ಇದು. ಗಂಡನ ಬಿಡುಗಡೆಯ ಕಾಗದ ಎಲ್ಲಿದೆ ಅಂತ ಕೇಳಿಕೊಂಡು ಹೆಂಡತಿ ಕಚೇರಿ ಕಚೇರಿ ಸುತ್ತಬೇಕೇ? ಇವತ್ತೇ ನಿಮ್ಮೂರಿನ ಶಾಸಕರಿಗೆ, ಗೃಹ ಸಚಿವರಿಗೆ ಒಂದೊಂದು ಪತ್ರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.

ಸಿರಿಗನ್ನಡಂ ಗೆಲ್ಗೆ!