ಆಕಾಶದ ಕಣ್ಣು, ಅಳಿವೆಯ ಉಪ್ಪು

ಶರಾವತಿಯು ಹೊನ್ನಾವರದ ಬಳಿ ಕಡಲನ್ನು ಕೂಡುವ ಮುನ್ನ ವೇಗವನ್ನು ತಗ್ಗಿಸಿ, ಹರವನ್ನು ಹಿಗ್ಗಿಸಿಕೊಂಡು, ಕೆಲವು ನಡುಗಡ್ಡೆಗಳನ್ನು ಬಳಸಿ ಹರಿಯುತ್ತದೆ. ಕರಾವಳಿಯ ಜನ ಇಂಥ ನೆಲವನ್ನು ಕುರ್ವೆ ಎನ್ನುತ್ತಾರೆ. ಮಾವಿನಕುರ್ವೆ ಅಂಥದೊಂದು ಊರು. ಉಬ್ಬರದಲ್ಲಿ ನೀರು ದಂಡೆಯನ್ನೇರುತ್ತದೆ. ಇಳಿತದಲ್ಲಿ ಕೆಸರು ಬಯಲಾಗುತ್ತದೆ. ನೆಲವೆಲ್ಲಿ ಮುಗಿಯಿತು, ನೀರೆಲ್ಲಿ ತೊಡಗಿತು ಎಂದು ಗೆರೆಯೆಳೆಯುವುದೇ ಕಷ್ಟವಾದ ಇಂಥ ಎಡೆಯಲ್ಲಿ, ಅರ್ಧ ಶತಮಾನದಲ್ಲಿ ಆದ ಮಾರ್ಪಾಡನ್ನು ಅರಿಯುವ ಬಗೆ ಹೇಗೆ?

ಹಿರಿಯರ ನೆನಪು ಒಂದು ಸಾಧನ. ಆದರೆ ನೆನಪಿಗೆ ಎಕರೆ ಗುಂಟೆಗಳ ಲೆಕ್ಕವಿಲ್ಲ. ಆ ಲೆಕ್ಕವನ್ನು ಒದಗಿಸಿದ್ದು ದೂರಸಂವೇದನ ವಿಜ್ಞಾನ. 1972ರಲ್ಲಿ ಅಮೆರಿಕವು ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು ಹಾರಿಸಿತು; 1988ರ ಮಾರ್ಚ್ 17ರಂದು ಭಾರತದ ಐ.ಆರ್.ಎಸ್.-1ಎ ಬೈಕನೂರಿನಿಂದ ಕಕ್ಷೆಗೇರಿತು. ಪ್ರತಿಯೊಂದು ವಸ್ತುವೂ ಬಿಸಿಲನ್ನು ತನ್ನದೇ ರೀತಿಯಲ್ಲಿ ಹಿಂದಿರುಗಿಸುತ್ತದೆ. ಹಸುರೆಲೆಯು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಹೊರಚೆಲ್ಲಿದರೆ ನೀರು ಅವನ್ನು ನುಂಗಿಬಿಡುತ್ತದೆ. ಆದುದರಿಂದಲೇ ಇಂಥ ಚಿತ್ರಗಳಲ್ಲಿ ಕಾಡು ಕೆಂಪಾಗಿಯೂ ನದಿ ಕಪ್ಪಾಗಿಯೂ ತೋರುವುದುಂಟು. ಮೊದಲ ಬಾರಿ ನೋಡಿದವರು ಬೆರಗಾಗದಿರರು. ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಹೋಲಿಸಿದರೆ ಬದಲಾವಣೆ ಹೊರಬೀಳುತ್ತದೆ. ಹೀಗೆಯೇ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಉತ್ತರ ಕನ್ನಡ ಜಿಲ್ಲೆಯಲ್ಲಿ 1973ರಲ್ಲಿ ಸುಮಾರು ಶೇಕಡಾ 68ರಷ್ಟು ನೆಲವನ್ನು ಆವರಿಸಿದ್ದ ನಿತ್ಯಹರಿದ್ವರ್ಣ ಕಾಡು 2013ರ ವೇಳೆಗೆ ಶೇಕಡಾ 32ಕ್ಕೆ ಇಳಿದುದನ್ನು ಕಂಡುಕೊಂಡರು. ಕಾಡು ಮೊದಲಿನಂತೆಯೇ ಇದೆ ಎಂದು ವಾದಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಆದರೆ ಅಳಿವೆಯು ಕಾಡಿನಷ್ಟು ಸರಳವಲ್ಲ. ಒಂದು ಚಿತ್ರ ಉಬ್ಬರದ ಹೊತ್ತಿನದು, ಇನ್ನೊಂದು ಇಳಿತದ ಹೊತ್ತಿನದು ಆದರೆ, ಇದ್ದ ಮರಳದಿಣ್ಣೆಯೇ ಕೊಚ್ಚಿಹೋದಂತೆ ತೋರೀತು. ಮೊದಲ ಲ್ಯಾಂಡ್‌ಸ್ಯಾಟ್ ಚಿತ್ರಗಳ ಒಂದೊಂದು ಚುಕ್ಕೆಯೂ ನೆಲದ ಮೇಲೆ ಸುಮಾರು 80 ಮೀಟರಿನಷ್ಟು ಅಗಲ. ಗದ್ದೆಯ ಕಟ್ಟೆಯಾಗಲಿ, ದಂಡೆಯ ಒಂದು ಸಾಲು ಕಾಂಡ್ಲಾ ಗಿಡಗಳಾಗಲಿ ಅದರಲ್ಲಿ ಕರಗಿಹೋಗುತ್ತವೆ. ಮಳೆಗಾಲದ ಮೋಡವಂತೂ ಸರಿಯೇ ಸರಿ. ಮೋಡವನ್ನು ಭೇದಿಸಿ ನೋಡಬಲ್ಲ ರೇಡಾರ್ ಉಪಗ್ರಹ ರಿಸ್ಯಾಟ್-1 ಅನ್ನು ಭಾರತ 2012ರಲ್ಲಿ ಹಾರಿಸಿತು.

ಇವೆಲ್ಲ ತಿದ್ದಿಕೊಳ್ಳಬಹುದಾದ ಕೊರತೆಗಳು. ತಿದ್ದಲು ಸುಲಭವಲ್ಲದ ಕೊರತೆಯೊಂದುಂಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದಕ್ಕೂ ಮೊದಲು ಬೇಸಗೆಯಲ್ಲಿ ಹೊಳೆ ಸೊರಗುತ್ತಿತ್ತು; ಕಡಲ ಉಪ್ಪುನೀರು ಉಬ್ಬರದೊಂದಿಗೆ ಒಳನಾಡಿಗೆ ನುಗ್ಗುತ್ತಿತ್ತು. ಆ ಸವುಳು ನೀರನ್ನೇ ನಂಬಿ ಬಳಚು ಮೊದಲಾದ ಚಿಪ್ಪುಜೀವಿಗಳು ಬೆಳೆಯುತ್ತಿದ್ದವು. ವಿದ್ಯುದಾಗಾರಗಳು ಬೇಸಗೆಯಲ್ಲಿಯೂ ಸಿಹಿನೀರನ್ನು ಬಿಡತೊಡಗಿದ ಮೇಲೆ ಅಳಿವೆಯ ಉಪ್ಪು ತೆಳುವಾಯಿತು, ಬಳಚು ವಿರಳವಾಯಿತು. ಆಕಾಶದ ಕಣ್ಣಿಗೆ ಮಾತ್ರ ಅಂದಿನ ಹೊಳೆಯೂ ಕಪ್ಪು, ಇಂದಿನ ಹೊಳೆಯೂ ಕಪ್ಪು! ಇಷ್ಟು ಕಿರಿದಾದ ಅಳಿವೆಯ ಉಪ್ಪನ್ನು ಅದು ರುಚಿ ನೋಡಲಾರದು. ಇಳಿತದಲ್ಲಿ ಮೊಣಕಾಲು ನೀರಿಗಿಳಿದು ಬಳಚು ಹೆಕ್ಕುವ ಹೆಂಗಸಿಗೆ ಬುಟ್ಟಿ ತುಂಬದಿದ್ದಾಗಲೇ ಅದು ತಿಳಿದಿತ್ತು. ಸಂಶೋಧಕರು ದೋಣಿಯಲ್ಲಿ ಹೋಗಿ ನೀರಿನ ಉಪ್ಪನ್ನು ಅಳೆದು, ಅಣೆಕಟ್ಟಿಲ್ಲದ ನೆರೆಯ ಅಘನಾಶಿನಿಯೊಡನೆ ಹೋಲಿಸಿದಾಗ ಆಕೆಯ ಅರಿವಿಗೆ ಅಂಕಿಗಳ ಬಲ ದೊರೆಯಿತು. ಆ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ನಾಡಿಗೆ ಬೆಳಕಿತ್ತ ಯೋಜನೆಯೇ ಬೇಡವಿತ್ತೆಂದು ಇದರ ಅರ್ಥವಲ್ಲ. ಆ ಬೆಳಕಿಗೆ ಬೆಲೆ ತೆತ್ತವರು ಯಾರೆಂಬುದು ನಕ್ಷೆಯಲ್ಲಿ ಕಾಣದೆ ಹೋದರೆ, ‘ಬದಲಾವಣೆಯಿಲ್ಲ’ ಎಂಬ ಷರಾ ಬರೆದು ಕಡತವನ್ನು ಮುಚ್ಚುವುದು ಬಹು ಸುಲಭ. ಆದುದರಿಂದ ಅಳಿವೆಯ ನಕ್ಷೆಯು ಅಚ್ಚಾಗುವ ಮೊದಲು ಬೆಂಗಳೂರಿನ ಕಚೇರಿಯಿಂದ ಹೊರಟು ಕುರ್ವೆಯ ಪಂಚಾಯಿತಿ ಕಟ್ಟೆಗೆ ಒಮ್ಮೆ ಬರಬೇಕು. ಬಳಚು ಎಲ್ಲಿತ್ತು, ಯಾವ ವರ್ಷದಿಂದ ಸಿಗದಾಯಿತು ಎಂದು ಅದರ ಮೇಲೆ ಬೆರಳಿಟ್ಟು ತೋರಿಸಬಲ್ಲವರು ಅಲ್ಲಿ ಇನ್ನೂ ಇದ್ದಾರೆ.