ಹಾರ ಸಾಲದು, ಹಕ್ಕು ಬೇಕು



1879ರಲ್ಲಿ ನಮ್ಮ ಹೈದರಾಬಾದಿನಲ್ಲೇ ಹುಟ್ಟಿದ ಸರೋಜಿನಿ ನಾಯಿಡು ಅವರನ್ನು ‘ಭಾರತದ ಕೋಗಿಲೆ’ ಎಂದು ಹೊಗಳಿ, ಪಟಕ್ಕೆ ಹಾರ ಹಾಕಿ ಕೈತೊಳೆದುಕೊಳ್ಳುತ್ತೇವೆ. ಆ ಕೋಗಿಲೆ ಕೇಳಿದ್ದೇನು? 1917ರ ಡಿಸೆಂಬರಿನಲ್ಲಿ ಮಹಿಳಾ ನಿಯೋಗದ ಮುಂದಾಳಾಗಿ, ಮದರಾಸಿನಲ್ಲಿ ಭಾರತಮಂತ್ರಿ ಮಾಂಟೆಗು ಅವರೆದುರು ಹೆಂಗಸರಿಗೂ ಮತದಾನದ ಹಕ್ಕು ಕೇಳಿದರು. 1918ರಲ್ಲಿ ಮುಂಬಯಿಯ ಕಾಂಗ್ರೆಸ್ ವಿಶೇಷ ಅಧಿವೇಶನದಲ್ಲೂ ಅದನ್ನೇ ಮಂಡಿಸಿದರು. 1921ರಲ್ಲಿ ಮದರಾಸು ಶಾಸನಸಭೆ ಒಪ್ಪಿತು.

ಮತ ಸಿಕ್ಕಿತು, ಸಮಾನ ಕೂಲಿ? ಅದಕ್ಕೂ 1976ರಲ್ಲೇ ಕಾಯಿದೆ ಬಂತು. ಆದರೂ ಇಟ್ಟಿಗೆ ಹೊರುವ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೊಡುವ ಮೇಸ್ತ್ರಿಗಳು ಇಂದಿಗೂ ಇದ್ದಾರೆ. ನೋಡಿಯೂ ಸುಮ್ಮನಿರುವವರು ನಾವೇ. ನಮ್ಮ ಸಂಘಗಳಲ್ಲಂತೂ ಹೆಂಗಸರಿಗೆ ಪ್ರಾರ್ಥನೆ, ಆರತಿ. ಗಂಡಸರಿಗೆ ಲೆಕ್ಕಪತ್ರ, ಅಧಿಕಾರ!

ಮುಂದಿನ ಜಯಂತಿಗೆ ಮುಂಚೆ ಕಾರ್ಯಕಾರಿ ಸಮಿತಿಯಲ್ಲಿ ಹೆಂಗಸರಿಗೆ ಸ್ಥಾನ ಕೊಡಿ. ಹಾರದ ಮಾತು ಆಮೇಲೆ.